ನೀರಿಗೆ ಮರಳಿದ ಹುಡುಗಿ ಮತ್ತು ನಮ್ಮ ಮನೆಯ ಒಳಕೋಣೆ

(ಅಂಗವೈಕಲ್ಯವಿರುವ ಮಕ್ಕಳ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ರೋಗಿಯ ಸಂದರ್ಶನವನ್ನು ನಾವೆಲ್ಲ ಒಂದು ಕರ್ತವ್ಯವೆಂದೇ ಭಾವಿಸಿದ್ದೇವೆ. ಬಂಧುಗಳೋ ನೆರೆಯವರೋ ಹಾಸಿಗೆ ಹಿಡಿದರೆ ಹಣ್ಣಿನ ಚೀಲ ಹಿಡಿದು ಹೊರಡುತ್ತೇವೆ. ಮಂಚದ ಬಳಿ ಕುರ್ಚಿ ಎಳೆದು ಕೂರುತ್ತೇವೆ. ಆ ಬಳಿಕ ನಾವು ಮಾತಾಡುವುದು ಯಾರೊಂದಿಗೆ? ಮಂಚದ ಪಕ್ಕದಲ್ಲಿ ನಿಂತಿರುವ ತಾಯಿಯೊಂದಿಗೆ ಅಥವಾ ಅಣ್ಣನೊಂದಿಗೆ. ‘ಡಾಕ್ಟ್ರು ಏನು ಹೇಳಿದ್ರು? ಇನ್ನು ಆಸೆ ಉಂಟಾ? ಯಾರನ್ನಾದರೂ ಗುರುತು ಹಿಡೀತಾಳಾ? ಇಷ್ಟು ಖರ್ಚು ಮಾಡಿ ಏನು ಪ್ರಯೋಜನ?’ ಇವೆಲ್ಲವನ್ನೂ ನಾವು ಕೇಳುವುದು ರೋಗಿಯ ತಲೆಯ ಮೇಲಿನಿಂದಲೇ. ಆ ಜೀವಕ್ಕೆ ಕಿವಿಯಿದೆ ಎಂಬ ನೆನಪು ನಮಗಿರುವುದಿಲ್ಲ. ನಾನೂ ಹೀಗೆ ಮಾಡಿದವನೇ. ಆದ್ದರಿಂದ ಇಂದು ನಾನು ಹೇಳಲಿರುವುದನ್ನು ಉಪದೇಶವೆಂದು ಭಾವಿಸದೆ, ತಪ್ಪು ಮಾಡಿದವನೊಬ್ಬನ ನಿವೇದನೆಯೆಂದು ಕೇಳಬೇಕೆಂದು ವಿನಂತಿಸುತ್ತೇನೆ.

ಮಂಚದ ಮೇಲೆ ಮಲಗಿದ್ದು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಓರ್ವ ಹುಡುಗಿಯ ಕಥೆಯನ್ನು ನಿಮ್ಮ ಮುಂದಿಡಲು ಬಯಸುತ್ತೇನೆ. ಆಕೆ ಅಮೆರಿಕದವಳು. ಹೆಸರು ವಿಕ್ಟೋರಿಯಾ ಆರ್ಲೆನ್. 1994ರಲ್ಲಿ ಜನನ. ತ್ರಿವಳಿ ಮಕ್ಕಳಲ್ಲಿ ಒಬ್ಬಳು. ಜೊತೆಗೆ ಹುಟ್ಟಿದ ಇಬ್ಬರೂ ಗಂಡು ಮಕ್ಕಳು. ನ್ಯೂಹ್ಯಾಂಪ್‌ಶೈರ್ ರಾಜ್ಯದ ಎಕ್ಸೆಟರ್ ಎಂಬ ಸಣ್ಣ ಊರಿನಲ್ಲಿ ಬೆಳೆದ ಆಕೆಗೆ ಚಿಕ್ಕಂದಿನಿಂದಲೇ ನೀರೆಂದರೆ, ಈಜೆಂದರೆ ಅಚ್ಚುಮೆಚ್ಚು. 2006ರಲ್ಲಿ, ಆಕೆಗೆ ಹನ್ನೊಂದು ವರ್ಷವಾಗಿದ್ದಾಗ, ಕಾಯಿಲೆ ಬಂತು. ಮೊದಲು ಮೈನೋವು. ಆ ಬಳಿಕ ಕಾಲುಗಳು ಸೋತವು. ನೋಡನೋಡುತ್ತಲೇ ಕೈಗಳು ಸೋತವು. ನುಂಗುವ ಶಕ್ತಿ ಹೋಯಿತು, ಮಾತು ಹೋಯಿತು. ಕೊನೆಗೆ ಸುತ್ತಲಿನವರಿಗೆ ಆಕೆಯ ಪ್ರಜ್ಞೆಯೇ ಹೋಯಿತೆಂದು ಕಂಡಿತು. ಕಾಯಿಲೆಯ ಸರಿಯಾದ ಹೆಸರು ತಿಳಿಯಲು ಬಹಳ ಕಾಲ ತಗುಲಿತು. ಒಂದಲ್ಲ, ಎರಡು ಅಪರೂಪದ ಕಾಯಿಲೆಗಳು ಒಟ್ಟಿಗೇ ಆಕೆಯ ಮೇಲೆರಗಿದ್ದವು. ಒಂದು, ಬೆನ್ನುಹುರಿಯ ಉರಿಯೂತವಾದ ಟ್ರಾನ್ಸ್‌ವರ್ಸ್ ಮೈಲೈಟಿಸ್. ಇನ್ನೊಂದು, ಮಿದುಳನ್ನೂ ಬೆನ್ನುಹುರಿಯನ್ನೂ ಬಾಧಿಸುವ, ವೈದ್ಯರು ಎಡೆಮ್ ಎಂದು ಕರೆಯುವ ಉರಿಯೂತ. ನಮ್ಮನ್ನು ರೋಗಾಣುಗಳಿಂದ ಕಾಯಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ನರತಂತುಗಳ ಮೇಲ್ಹೊದಿಕೆಯನ್ನು ನಾಶ ಮಾಡುತ್ತದೆ. ಕಾವಲುಗಾರನೇ ಮನೆಗೆ ಬೆಂಕಿಯಿಟ್ಟಂತೆ.

ಸುಮಾರು ನಾಲ್ಕು ವರ್ಷ ಆಕೆ ಹಾಗೆ ಮಲಗಿದ್ದಳು. ಚೇತರಿಕೆಯ ಆಸೆ ತೀರಾ ಕಡಿಮೆ ಎಂದು ವೈದ್ಯರು ಹೆತ್ತವರಿಗೆ ತಿಳಿಸಿದ್ದರು. ಆದರೆ ಆ ಅವಧಿಯ ಬಹುಪಾಲಿನಲ್ಲಿ ಆಕೆಗೆ ಎಚ್ಚರವಿತ್ತು. ಕೋಣೆಯಲ್ಲಿ ಯಾರು ಏನು ಹೇಳುತ್ತಾರೆಂಬುದು ಕೇಳಿಸುತ್ತಿತ್ತು. ತನ್ನ ಬಗ್ಗೆ ಆಡಲಾಗುವ ಹತಾಶೆಯ ಮಾತುಗಳೂ ಕೇಳಿಸುತ್ತಿದ್ದವು. ಉತ್ತರ ಕೊಡಲು ಬೆರಳೊಂದೂ ಏಳುತ್ತಿರಲಿಲ್ಲ. ತನ್ನದೇ ದೇಹದೊಳಗೆ ಬೀಗ ಹಾಕಲ್ಪಟ್ಟಂತಿದ್ದ ಆ ದಿನಗಳ ಬಗ್ಗೆ ಆಕೆ 2018ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾಳೆ.

ಆ ಮನೆಯವರು ಮಾಡಿದ ಒಂದು ಕೆಲಸವನ್ನು ನೀವು ಗಮನಿಸಬೇಕು. ಮಗಳನ್ನು ಅವರು ಮನೆಯಲ್ಲೇ ಇಟ್ಟುಕೊಂಡು ಆರೈಕೆ ಮಾಡಿದರು. ತಂದೆ, ತಾಯಿ, ಸಹೋದರರು ಆಕೆಯೊಂದಿಗೆ ಮಾತಾಡುವುದನ್ನು ನಿಲ್ಲಿಸಲಿಲ್ಲ. ಉತ್ತರ ಬರುತ್ತಿರಲಿಲ್ಲ. ಆದರೂ ಮಾತು ನಿಲ್ಲಲಿಲ್ಲ. 2009ರ ಕೊನೆಯ ಹೊತ್ತಿಗೆ ಒಂದು ದಿನ ಆಕೆಯ ಕಣ್ಣು ತಾಯಿಯ ಕಣ್ಣನ್ನು ಕೂಡಿತು. ರೆಪ್ಪೆ ಮಿಟುಕಿಸಿ ಉತ್ತರ ಕೊಡಲು ಆಕೆಗೆ ಸಾಧ್ಯವಾಯಿತು. ಮುಂದಿನ ವರ್ಷ ಮಾತು ತೊದಲುತ್ತಾ ಮರಳಿತು. ನುಂಗುವುದು, ಕೈಯೆತ್ತುವುದು, ಕುಳಿತುಕೊಳ್ಳುವುದು ಒಂದೊಂದಾಗಿ ಬಂದವು. ಕಾಲುಗಳು ಮಾತ್ರ ಬರಲಿಲ್ಲ. ಆಕೆ ಗಾಲಿಕುರ್ಚಿಯಲ್ಲಿ ಶಾಲೆಗೆ ಮರಳಿದಳು.

ಈಗ ಈಜಿನ ಮಾತಿಗೆ ಬರೋಣ. ಕಾಲು ಬಾರದ ಹುಡುಗಿಯನ್ನು ನೀರಿಗಿಳಿಸುವುದೇ? ನಮ್ಮ ಮನೆಗಳಲ್ಲಾದರೆ ಅಜ್ಜಿಯಿಂದ ಹಿಡಿದು ಪಕ್ಕದ ಮನೆಯವರ ತನಕ ಎಲ್ಲರೂ ಬೇಡವೆನ್ನುತ್ತಿದ್ದರು. ಆಕೆಗೂ ಭಯವಿತ್ತು. ಕಾಲು ಬಡಿಯದೆ ತೇಲುವುದು ಹೇಗೆಂಬ ಭಯ. ಆದರೆ ಸಹೋದರರು ಬಿಡಲಿಲ್ಲ, ಆಕೆಯನ್ನು ನೀರಿಗಿಳಿಸಿಯೇ ಬಿಟ್ಟರು. ನೀರು ಆಕೆಯನ್ನು ಎತ್ತಿ ಹಿಡಿಯಿತು. ಇದರಲ್ಲಿ ಪವಾಡವೇನಿಲ್ಲ. ಸೊಂಟದ ಮಟ್ಟದ ನೀರಿನಲ್ಲಿ ನಿಂತರೆ ಕಾಲುಗಳ ಮೇಲೆ ಬೀಳುವ ಭಾರ ಸುಮಾರು ಅರ್ಧಕ್ಕಿಳಿಯುತ್ತದೆ. ಎದೆಮಟ್ಟದ ನೀರಿನಲ್ಲಿ ಅದು ಮೂರನೇ ಒಂದು ಭಾಗದಷ್ಟಾಗುತ್ತದೆ. ನೆಲದ ಮೇಲೆ ಅಲುಗಾಡದ ಸ್ನಾಯು ನೀರಿನಲ್ಲಿ ಅಲುಗಾಡುವುದು ಇದೇ ಕಾರಣದಿಂದ. ನೀರನ್ನು ಚಿಕಿತ್ಸೆಗೆ ಬಳಸುವ ಫಿಸಿಯೋಥೆರಪಿಸ್ಟರಿಗೆ ಇದು ಚೆನ್ನಾಗಿ ಗೊತ್ತು.

ಆಕೆ ಬರಿಯ ಕೈಗಳಿಂದ ಈಜುವುದನ್ನು ಕಲಿತಳು. ಇದು ಹೇಳಿದಷ್ಟು ಸುಲಭವಲ್ಲ. ಅಲುಗದ ಕಾಲುಗಳು ಹಿಂದಿನಿಂದ ಜಗ್ಗುತ್ತವೆ. ದೇಹವನ್ನು ನೀರಿನ ಮೇಲೆ ಸಮವಾಗಿ ಹಿಡಿಯುವ ಕೆಲಸವೂ, ಮುಂದೆ ಸಾಗುವ ಕೆಲಸವೂ, ಗೋಡೆ ಮುಟ್ಟಿ ತಿರುಗುವ ಕೆಲಸವೂ ಭುಜಗಳ ಮೇಲೆಯೇ ಬೀಳುತ್ತದೆ. 2012ರ ಜೂನ್ ತಿಂಗಳಲ್ಲಿ ಆಕೆ ಅಮೆರಿಕದ ಪ್ಯಾರಾಲಿಂಪಿಕ್ ತಂಡದ ಆಯ್ಕೆ ಸ್ಪರ್ಧೆಯಲ್ಲಿ ಗೆದ್ದಳು. ಅದೇ ವರ್ಷ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ, ಹದಿನೇಳರ ಪ್ರಾಯದಲ್ಲಿ, ಎಸ್-6 ವಿಭಾಗದ 100 ಮೀಟರ್ ಫ್ರೀಸ್ಟೈಲ್‌ನಲ್ಲಿ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದಳು. 50 ಮೀಟರ್, 400 ಮೀಟರ್ ಮತ್ತು ರಿಲೇಯಲ್ಲಿ ಬೆಳ್ಳಿ ಪಡೆದಳು. 400 ಮೀಟರ್‌ನಲ್ಲಿ ಆಕೆಯನ್ನು ಹಿಂದಿಕ್ಕಿದ್ದು ಬ್ರಿಟನ್ನಿನ ಎಲ್ಲಿ ಸಿಮಂಡ್ಸ್. ಅದೂ ವಿಶ್ವದಾಖಲೆಯೇ. ಸುಮಾರು ಮೂರು ವರ್ಷಗಳ ಹಿಂದೆ ರೆಪ್ಪೆ ಮಿಟುಕಿಸುವುದೇ ಸಾಧನೆಯಾಗಿದ್ದ ಹುಡುಗಿ!

ಇದೇ ಲಂಡನ್ ಈಜುಕೊಳದಲ್ಲಿ ನಮ್ಮ ಬೆಂಗಳೂರಿನ ಶರತ್ ಗಾಯಕ್‌ವಾಡ್ ಕೂಡಾ ಇದ್ದರು. ಹುಟ್ಟಿನಿಂದಲೇ ಎಡಗೈಯ ವೈಕಲ್ಯವಿದ್ದ ಅವರು ಆ ಕೂಟದಲ್ಲಿ ಸ್ಪರ್ಧಿಸಿದ ಭಾರತದ ಏಕೈಕ ಈಜುಗಾರ. ಎರಡು ವರ್ಷಗಳ ಬಳಿಕ, 2014ರ ಇಂಚಿಯಾನ್ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಅವರು ಆರು ಪದಕಗಳನ್ನು ಗೆದ್ದರು. ಬೆಂಗಳೂರಿನವರೇ ಆದ, ಬೆನ್ನುಹುರಿಯ ಜನ್ಮಜಾತ ವೈಕಲ್ಯವಿರುವ ನಿರಂಜನ್ ಮುಕುಂದನ್ ಟೋಕಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿದರು. ಆದ್ದರಿಂದ ಇದನ್ನು ದೂರದ ದೇಶದ ಕಥೆಯೆಂದು ಪಕ್ಕಕ್ಕಿಡಬೇಕಾಗಿಲ್ಲ.

ಸಹೋದರರೇ, ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ನೀವು ಚಪ್ಪಾಳೆ ತಟ್ಟಿ ಮನೆಗೆ ಹೋಗಬಹುದು. ‘ಮನಸ್ಸಿದ್ದರೆ ಮಾರ್ಗ’ ಎಂದು ಗೋಡೆಯ ಮೇಲೆ ಬರೆಯಬಹುದು. ಆದರೆ ಕಥೆ ಇಲ್ಲಿಗೆ ನಿಲ್ಲುವುದಿಲ್ಲ. ಮಾತ್ರವಲ್ಲ, ಈ ಗೋಡೆಬರಹದ ಬಗ್ಗೆಯೇ ನನಗೆ ತಕರಾರಿದೆ.

ಯಾಕೆ ತಕರಾರು? ನೆದರ್‌ಲ್ಯಾಂಡ್ಸ್‌ನಲ್ಲಿ ಮಾರ್ಟನ್ ಫಾನ್ ಡೆರ್ ವೈಡನ್ ಎಂಬ ಈಜುಗಾರರಿದ್ದಾರೆ. 2001ರಲ್ಲಿ, ಇಪ್ಪತ್ತರ ಪ್ರಾಯದಲ್ಲಿ, ಅವರಿಗೆ ರಕ್ತದ ಕ್ಯಾನ್ಸರ್ ತಗುಲಿತು. ಕಿಮೋಥೆರಪಿ, ಆಕರ ಕೋಶಗಳ ಕಸಿ ಇವೆಲ್ಲವನ್ನೂ ದಾಟಿ ಅವರು ಮತ್ತೆ ನೀರಿಗಿಳಿದರು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 10 ಕಿಲೋಮೀಟರ್ ಈಜಿನಲ್ಲಿ ಚಿನ್ನ ಗೆದ್ದರು. ಗೆದ್ದಾಗ ಅವರು ಏನು ಹೇಳಬಹುದೆಂದು ಜಗತ್ತು ನಿರೀಕ್ಷಿಸಿತ್ತು? ‘ನನ್ನ ಛಲದಿಂದ ಕ್ಯಾನ್ಸರನ್ನು ಸೋಲಿಸಿದೆ’ ಎನ್ನಬಹುದೆಂದು. ಅವರು ಹಾಗೆ ಹೇಳಲಿಲ್ಲ. ಧನಾತ್ಮಕ ಚಿಂತನೆಯಿಂದ ರೋಗ ಗುಣವಾಗುತ್ತದೆ ಎಂಬ ಮಾತನ್ನು ತಾನು ಒಪ್ಪುವುದಿಲ್ಲ, ಅದು ಅಪಾಯಕಾರಿ ಕೂಡಾ ಎಂಬುದು ಅವರ ನಿಲುವಾಗಿತ್ತು. ತಾನು ಬದುಕಿದ್ದು ವೈದ್ಯರಿಂದ ಮತ್ತು ಅದೃಷ್ಟದಿಂದ ಎಂದು ಅವರು ಭಾವಿಸಿದ್ದರು. ಆ ಬಳಿಕ ಅವರು ಕ್ಯಾನ್ಸರ್ ಸಂಶೋಧನೆಗೆ ನಿಧಿ ಸಂಗ್ರಹಿಸಲು ತನ್ನ ದೇಶದ ಹನ್ನೊಂದು ಪಟ್ಟಣಗಳನ್ನು ಸುತ್ತುವ, ಸುಮಾರು 200 ಕಿಲೋಮೀಟರ್ ಉದ್ದದ ಜಲಮಾರ್ಗವನ್ನು ಈಜಲು ಹೊರಟರು. 2018ರಲ್ಲಿ 163 ಕಿಲೋಮೀಟರ್ ಈಜಿ ಅನಾರೋಗ್ಯದಿಂದ ನಿಲ್ಲಿಸಬೇಕಾಯಿತು. 2019ರಲ್ಲಿ ಪೂರ್ತಿಗೊಳಿಸಿದರು.

ಅವರ ನಿಲುವಿನ ಹಿಂದಿರುವ ನ್ಯಾಯಪ್ರಜ್ಞೆಯನ್ನು ಸ್ವಲ್ಪ ಯೋಚಿಸಿ. ಬದುಕಿದವನು ಛಲದಿಂದ ಬದುಕಿದನೆಂದಾದರೆ, ಸತ್ತವನು ಛಲವಿಲ್ಲದೆ ಸತ್ತನೇ? ನಡೆದವಳು ಇಚ್ಛಾಶಕ್ತಿಯಿಂದ ನಡೆದಳೆಂದಾದರೆ, ಇಂದು ಈ ಸಭೆಯಲ್ಲಿ ಗಾಲಿಕುರ್ಚಿಯಲ್ಲಿ ಕುಳಿತಿರುವ ಮಗುವಿನ ಇಚ್ಛಾಶಕ್ತಿಯಲ್ಲಿ ಕೊರತೆಯಿದೆಯೇ? ಟ್ರಾನ್ಸ್‌ವರ್ಸ್ ಮೈಲೈಟಿಸ್ ತಗುಲಿದವರಲ್ಲಿ ಸರಿಸುಮಾರು ಮೂರನೇ ಒಂದು ಭಾಗ ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ, ಮೂರನೇ ಒಂದು ಭಾಗದವರಲ್ಲಿ ಸಾಧಾರಣ ನ್ಯೂನತೆ ಉಳಿಯುತ್ತದೆ, ಉಳಿದವರು ತೀವ್ರ ವೈಕಲ್ಯಕ್ಕೊಳಗಾಗುತ್ತಾರೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಯಾರು ಯಾವ ಭಾಗಕ್ಕೆ ಸೇರುತ್ತಾರೆಂಬುದನ್ನು ಉರಿಯೂತದ ತೀವ್ರತೆ, ಚಿಕಿತ್ಸೆ ಆರಂಭವಾದ ಸಮಯ ಮುಂತಾದ ಸಂಗತಿಗಳು ಬಹುಮಟ್ಟಿಗೆ ನಿರ್ಧರಿಸುತ್ತವೆ. ಛಲಕ್ಕೆ ಅದರದ್ದೇ ಆದ ಸ್ಥಾನವಿದೆ. ಸಿಕ್ಕಿದ ಶಕ್ತಿಯನ್ನು ಪೂರ್ತಿಯಾಗಿ ಬಳಸಿಕೊಳ್ಳಲು ಛಲ ಬೇಕು. ಆದರೆ ಛಲವನ್ನು ಔಷಧವೆಂದು ಮಾರಬಾರದು. ನಮ್ಮಲ್ಲಂತೂ ಈ ತಪ್ಪಿಗೆ ಇನ್ನೊಂದು ಮುಖವಿದೆ. ಮಗು ಹೀಗೇಕಾಯಿತು ಎಂಬ ಪ್ರಶ್ನೆಗೆ ನಾವು ತಾಯಿಯ ಗರ್ಭದಲ್ಲಿ, ತಾಯಿಯ ನಡತೆಯಲ್ಲಿ, ಯಾರದೋ ದೃಷ್ಟಿಯಲ್ಲಿ ಉತ್ತರ ಹುಡುಕುತ್ತೇವೆ. ರೋಗದ ನೋವು ಮಗುವಿಗೆ, ಅಪವಾದದ ನೋವು ತಾಯಿಗೆ. ಇದು ಅನ್ಯಾಯ.

ಇನ್ನು ವಿಕ್ಟೋರಿಯಾಳ ಕಥೆಯ ಉತ್ತರಾರ್ಧ. 2013ರ ಆಗಸ್ಟ್‌ನಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಪ್ಯಾರಾ ಈಜಿನ ವಿಶ್ವ ಚಾಂಪಿಯನ್‌ಶಿಪ್ ಏರ್ಪಟ್ಟಿತ್ತು. ಆಗ ಆಕೆಯನ್ನು ಅನರ್ಹಳೆಂದು ಘೋಷಿಸಲಾಯಿತು. ಕಾರಣ? ಆಕೆಯ ವೈಕಲ್ಯ ಶಾಶ್ವತವೆಂಬುದಕ್ಕೆ ಖಚಿತ ಪುರಾವೆಯಿಲ್ಲ! ಲಂಡನ್ ಕೂಟದ ಮುನ್ನವೂ ಆಕೆಯ ವರ್ಗೀಕರಣದ ಬಗ್ಗೆ ವಿವಾದವೆದ್ದು, ಮೇಲ್ಮನವಿಯ ಬಳಿಕವೇ ಈಜಲು ಅನುಮತಿ ಸಿಕ್ಕಿತ್ತು. ಈ ಬಾರಿ ಬಾಗಿಲು ಮುಚ್ಚಿತು. ಹದಿನೆಂಟರ ಹುಡುಗಿ ಗಾಲಿಕುರ್ಚಿಯಲ್ಲಿ ಬಂದವಳು ಗಾಲಿಕುರ್ಚಿಯಲ್ಲೇ ಹಿಂದಿರುಗಿದಳು. ಕಾಲುಗಳು ಅಂದೂ ಅಲುಗುತ್ತಿರಲಿಲ್ಲ. ಆದರೆ ಮುಂದೆಂದಾದರೂ ಅಲುಗಬಹುದು ಎಂಬ ಸಾಧ್ಯತೆಯೇ ಆಕೆಗೆ ಎದುರಾಗಿ ನಿಂತಿತು. ಅಂದರೆ, ಗುಣವಾಗುವ ಆಸೆಯೇ ಆಕೆಯ ಅಪರಾಧವಾಯಿತು.

ಹಾಗಂತ ಸಂಘಟಕರನ್ನು ಖಳರೆಂದು ಚಿತ್ರಿಸುವುದು ಸುಲಭವಾದರೂ ನ್ಯಾಯವಲ್ಲ. ಅವರ ಕಡೆಯ ವಾದವನ್ನೂ ಕೇಳಬೇಕು. ಪ್ಯಾರಾ ಈಜಿನಲ್ಲಿ ದೈಹಿಕ ವೈಕಲ್ಯಕ್ಕೆ ಎಸ್-1ರಿಂದ ಎಸ್-10ರ ವರೆಗೆ, ದೃಷ್ಟಿದೋಷಕ್ಕೆ 11ರಿಂದ 13ರ ವರೆಗೆ, ಬೌದ್ಧಿಕ ವೈಕಲ್ಯಕ್ಕೆ 14 ಎಂಬ ವಿಭಾಗಗಳಿವೆ. ಸಂಖ್ಯೆ ಕಡಿಮೆಯಾದಷ್ಟೂ ಚಲನೆಯ ನಿರ್ಬಂಧ ಹೆಚ್ಚು. ಗಾಲಿಕುರ್ಚಿ, ಊರುಗೋಲು, ಕೃತಕ ಕಾಲು ಎಲ್ಲವೂ ದಡದಲ್ಲೇ ಉಳಿಯಬೇಕು. ಹಾರಿ ಧುಮುಕಲಾಗದವರು ನೀರಿನೊಳಗಿನಿಂದಲೇ ಆರಂಭಿಸಬಹುದು. ಸಮಾನ ಸಾಮರ್ಥ್ಯದವರನ್ನು ಸಮಾನರೊಂದಿಗೆ ಈಜಿಸುವ ಈ ವ್ಯವಸ್ಥೆ ಕುಸಿದರೆ ಅತ್ಯಂತ ಹೆಚ್ಚು ನಷ್ಟವಾಗುವುದು ಅತ್ಯಂತ ದುರ್ಬಲರಿಗೆ. ಅದು ಕುಸಿದದ್ದೂ ಇದೆ. 2000ದ ಸಿಡ್ನಿ ಪ್ಯಾರಾಲಿಂಪಿಕ್ಸ್‌ನಲ್ಲಿ ಬೌದ್ಧಿಕ ವೈಕಲ್ಯವುಳ್ಳವರ ಬಾಸ್ಕೆಟ್‌ಬಾಲ್‌ನಲ್ಲಿ ಸ್ಪೇನ್ ಚಿನ್ನ ಗೆದ್ದಿತು. ಆ ತಂಡದ ಹನ್ನೆರಡು ಆಟಗಾರರ ಪೈಕಿ ಹತ್ತು ಮಂದಿಗೆ ಯಾವ ವೈಕಲ್ಯವೂ ಇರಲಿಲ್ಲ ಎಂಬುದು ಬಳಿಕ ಬಯಲಾಯಿತು. ಬಯಲಿಗೆಳೆದದ್ದು ಅದೇ ತಂಡದಲ್ಲಿ ಆಡಿದ್ದ ಓರ್ವ ಪತ್ರಕರ್ತ. ಪರಿಣಾಮವಾಗಿ ಬೌದ್ಧಿಕ ವೈಕಲ್ಯವುಳ್ಳ ಎಲ್ಲ ಕ್ರೀಡಾಳುಗಳೂ ಪ್ಯಾರಾಲಿಂಪಿಕ್ಸ್‌ನಿಂದ ಹೊರಬಿದ್ದರು. 2012ರ ವರೆಗೆ ಅವರಿಗೆ ಪ್ರವೇಶವಿರಲಿಲ್ಲ. ವಂಚಿಸಿದವರು ಹತ್ತು ಮಂದಿ, ದಂಡ ತೆತ್ತವರು ಜಗತ್ತಿನ ಸಾವಿರಾರು ನಿರಪರಾಧಿಗಳು.

ವಿಕ್ಟೋರಿಯಾ ವಂಚಕಿಯಾಗಿರಲಿಲ್ಲ. ಆಕೆ 2015ರ ಏಪ್ರಿಲ್‌ನಲ್ಲಿ ಇಎಸ್‌ಪಿಎನ್ ಎಂಬ ಕ್ರೀಡಾ ವಾಹಿನಿಯಲ್ಲಿ ನಿರೂಪಕಿಯಾದಳು. ಜೊತೆಗೆ ದಿನವಿಡೀ ಬೆವರಿಳಿಸುವ ವ್ಯಾಯಾಮ ಚಿಕಿತ್ಸೆಗೆ ತನ್ನನ್ನು ಒಪ್ಪಿಸಿಕೊಂಡಳು. 2015ರ ಕೊನೆಯಲ್ಲಿ ಮೊದಲ ಹೆಜ್ಜೆಯಿಟ್ಟಳು. 2016ರಲ್ಲಿ ಊರುಗೋಲು ಬಿಟ್ಟು ನಡೆದಳು. ಹತ್ತು ವರ್ಷಗಳ ಬಳಿಕ! ಹಾಗಾದರೆ ಮಾಂಟ್ರಿಯಲ್‌ನ ತೀರ್ಪು ಸರಿಯಾಗಿತ್ತು ಎನ್ನೋಣವೇ? ಕೆಲವರು ಹಾಗೆಂದರು. ನನ್ನ ಉತ್ತರ ಬೇರೆ. 2016ರಲ್ಲಿ ನಡೆದಳು ಎಂಬ ಕಾರಣಕ್ಕೆ 2013ರಲ್ಲಿ ಆಕೆಯ ಕಾಲುಗಳಿಗೆ ಶಕ್ತಿಯಿತ್ತೆಂದು ಹೇಳಲಾಗದು. ಆರೋಗ್ಯವಂತರು ಮತ್ತು ಅಂಗವಿಕಲರು ಎಂಬ ಎರಡೇ ಪಂಕ್ತಿಗಳಲ್ಲಿ ಮನುಷ್ಯರನ್ನು ಕೂರಿಸಿಬಿಟ್ಟರೆ, ಒಂದು ಪಂಕ್ತಿಯಿಂದ ಇನ್ನೊಂದಕ್ಕೆ ಹೆಜ್ಜೆಯಿಡುತ್ತಿರುವವರು ಎಲ್ಲಿ ಕೂರಬೇಕು? ವಾಸ್ತವದಲ್ಲಿ ಪ್ಯಾರಾ ಕ್ರೀಡೆಯಲ್ಲೇ, ನಿಗದಿತ ವರ್ಷಕ್ಕೊಮ್ಮೆ ಕ್ರೀಡಾಳುವನ್ನು ಮರುಪರೀಕ್ಷಿಸಿ ವಿಭಾಗವನ್ನು ನಿರ್ಧರಿಸುವ ಪದ್ಧತಿಯೂ ಇದೆ. ಏರುಪೇರಾಗುವ ಕಾಯಿಲೆಗಳಿವೆ ಎಂಬುದನ್ನು ನಿಯಮ ಬಲ್ಲದು. ಆದರೆ ‘ಶಾಶ್ವತ’ ಎಂಬ ಪದದ ಎದುರು ಆ ತಿಳುವಳಿಕೆ ಸೋತುಬಿಟ್ಟಿತು.

ಮಾನ್ಯರೇ, ಈ ಪ್ರಶ್ನೆ ಈಜುಕೊಳದಲ್ಲಿ ಮುಗಿಯುವುದಿಲ್ಲ. ಅದು ನಮ್ಮ ತಾಲೂಕು ಕಚೇರಿಯ ಮೆಟ್ಟಲಲ್ಲೂ ಇದೆ. ನಮ್ಮ ದೇಶದಲ್ಲಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಜಾರಿಯಲ್ಲಿದೆ. 1995ರ ಹಳೆಯ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು, ಹೊಸತು ಇಪ್ಪತ್ತೊಂದನ್ನು ಗುರುತಿಸುತ್ತದೆ. ಶೇ. 40ರಷ್ಟು ವೈಕಲ್ಯವಿದೆಯೆಂದು ಪ್ರಮಾಣಪತ್ರ ಸಿಕ್ಕಿದರೆ ಸರಕಾರಿ ಉದ್ಯೋಗದಲ್ಲಿ ಶೇ. 4, ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5 ಮೀಸಲಾತಿಗೆ ಅರ್ಹತೆ ಬರುತ್ತದೆ. ಆರರಿಂದ ಹದಿನೆಂಟು ವರ್ಷದ ವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಪ್ರಮಾಣಪತ್ರದಲ್ಲೂ ಎರಡು ಬಗೆ. ಸ್ಥಿತಿ ಬದಲಾಗುವ ಸಂಭವವಿಲ್ಲದಿದ್ದರೆ ಶಾಶ್ವತ, ಸಂಭವವಿದ್ದರೆ ತಾತ್ಕಾಲಿಕ. ತಾತ್ಕಾಲಿಕವೆಂದರೆ ಅವಧಿ ಮುಗಿದಾಗ ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಮಗುವನ್ನು ಮತ್ತೆ ಎತ್ತಿಕೊಂಡು ಮಂಡಳಿಯ ಎದುರು ಹೋಗಬೇಕು. ಪರೀಕ್ಷೆ ಬೇಕು ನಿಜ. ಆದರೆ ಚೇತರಿಸುತ್ತಿರುವ ಮಗುವಿನ ತಂದೆ, ಶೇಕಡಾವಾರು ಇಳಿದರೆ ಸೌಲಭ್ಯ ಹೋದೀತೆಂದು ಹೆದರುವ ಸ್ಥಿತಿ ಬಂದರೆ ಅದು ಯಾರ ತಪ್ಪು? ಮಗು ಎರಡು ಹೆಜ್ಜೆಯಿಟ್ಟಿತೆಂದು ಸಂಭ್ರಮಿಸಬೇಕಾದ ಮನೆಯಲ್ಲಿ ಆತಂಕ ಮೂಡುವುದಾದರೆ ವ್ಯವಸ್ಥೆಯಲ್ಲೇನೋ ಬಾಗಿದೆಯೆಂದು ಅರ್ಥ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು. ಕರ್ನಾಟಕದಲ್ಲಿ 13 ಲಕ್ಷಕ್ಕೂ ಅಧಿಕ. ಇಷ್ಟು ದೊಡ್ಡ ಸಮುದಾಯಕ್ಕೆ ಸರಕಾರಗಳು ಅತ್ಯಂತ ಧಾರಾಳವಾಗಿ ಕೊಟ್ಟದ್ದು ಹೆಸರುಗಳನ್ನು. ಅಂಗವಿಕಲರು ವಿಕಲಚೇತನರಾದರು, ವಿಶೇಷಚೇತನರಾದರು. 2015ರ ಡಿಸೆಂಬರ್‌ನಲ್ಲಿ ಪ್ರಧಾನಿಯವರು ‘ದಿವ್ಯಾಂಗ’ ಎಂಬ ಪದವನ್ನು ಮುಂದಿಟ್ಟರು. ತಮಗೆ ದೈವತ್ವ ಬೇಡ, ಹಕ್ಕು ಕೊಡಿ ಎಂದು ಅಂಗವಿಕಲರ ಸಂಘಟನೆಗಳೇ ಅದನ್ನು ವಿರೋಧಿಸಿದವು. ಹೆಸರು ಬದಲಾದಷ್ಟು ವೇಗವಾಗಿ ಮೆಟ್ಟಲು ಬದಲಾಗಲಿಲ್ಲ. ಈಗಿರುವ ಎಲ್ಲ ಸಾರ್ವಜನಿಕ ಕಟ್ಟಡಗಳನ್ನು ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಅಂಗವಿಕಲರಿಗೆ ಪ್ರವೇಶಯೋಗ್ಯಗೊಳಿಸಬೇಕೆಂದು ಕಾಯ್ದೆ ಹೇಳುತ್ತದೆ. ನಿಯಮಗಳು ಪ್ರಕಟವಾದದ್ದು 2017ರ ಜೂನ್‌ನಲ್ಲಿ. ಗಡುವು 2022ರಲ್ಲೇ ದಾಟಿದೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಈ ನಿಯಮಗಳು ಬರಿಯ ಸಲಹೆಗಳಂತಿವೆ, ಕಡ್ಡಾಯ ಮಾನದಂಡಗಳನ್ನು ರೂಪಿಸಿ ಎಂದು ಕೇಂದ್ರಕ್ಕೆ ಆದೇಶಿಸಬೇಕಾಯಿತು. ನಿಮ್ಮ ಊರಿನ ಸಾರ್ವಜನಿಕ ಈಜುಕೊಳಕ್ಕೆ ಹೋಗಿ ನೋಡಿ. ಗಾಲಿಕುರ್ಚಿ ಇಳಿಯುವ ಇಳಿಜಾರು ಇದೆಯೇ? ನೀರಿಗಿಳಿಯಲು ಹಿಡಿಕೆಯಿದೆಯೇ? ಹೆಣ್ಣು ಮಕ್ಕಳಿಗೆ ಮಹಿಳಾ ತರಬೇತುದಾರರೊಂದಿಗೆ ಪ್ರತ್ಯೇಕ ಸಮಯವಿದೆಯೇ? ಇಲ್ಲವೆಂದಾದರೆ ನಗರಸಭೆಗೆ ಅರ್ಜಿ ಕೊಡಲು ನಮಗೆ ಯಾರ ಅಪ್ಪಣೆ ಬೇಕು?

ಸರಕಾರವನ್ನು ಟೀಕಿಸಿದಷ್ಟೇ ಪ್ರಾಮಾಣಿಕವಾಗಿ ನಮ್ಮನ್ನೂ ಟೀಕಿಸಿಕೊಳ್ಳೋಣ. ಹಿಂದೆ ಪೋಲಿಯೋ ಹನಿಯ ಬಗ್ಗೆ ಉತ್ತರ ಭಾರತದ ಕೆಲವೆಡೆ ನಮ್ಮವರಲ್ಲೇ ವದಂತಿಗಳು ಹಬ್ಬಿದ್ದವು. ಅದು ಸಂತಾನಹರಣದ ಹನಿಯೆಂದು ನಂಬಿ ಬಾಗಿಲು ಮುಚ್ಚಿಕೊಂಡ ಮನೆಗಳಿದ್ದವು. ಅದಕ್ಕೆ ಬೆಲೆ ತೆತ್ತದ್ದು ಮಕ್ಕಳ ಕಾಲುಗಳು. ಆ ಬಳಿಕ ಉಲೆಮಾಗಳೇ ಮುಂದೆ ಬಂದರು. ಮಸೀದಿಗಳಿಂದ ಕರೆ ಕೊಟ್ಟರು. 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಪತ್ತೆಯಾದದ್ದೇ ಸಹಜ ಪೋಲಿಯೋ ವೈರಸ್‌ನಿಂದಾದ ದೇಶದ ಕೊನೆಯ ಪ್ರಕರಣವಾಯಿತು. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೋಮುಕ್ತವೆಂದು ಘೋಷಿಸಲ್ಪಟ್ಟಿತು. ವದಂತಿ ಹಬ್ಬಿಸುವ ಸಮುದಾಯವೇ ಅದನ್ನು ಅಳಿಸಲೂ ಬಲ್ಲುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೇ?

ಆದರೆ ಒಳಕೋಣೆಯ ಬಾಗಿಲು ಇನ್ನೂ ತೆರೆದಿಲ್ಲ. ಮನೆಗೆ ಹೆಣ್ಣು ನೋಡಲು ಬರುವವರಿದ್ದಾರೆಂದು ವೈಕಲ್ಯವಿರುವ ತಮ್ಮನನ್ನು ಒಳಗೆ ಕೂರಿಸುತ್ತೇವೆ. ಮದುವೆಯ ಔತಣಕ್ಕೆ ಎಲ್ಲರನ್ನೂ ಕರೆದೊಯ್ದು ಆತನೊಬ್ಬನನ್ನು ಬಿಟ್ಟು ಹೋಗುತ್ತೇವೆ. ನಮ್ಮ ಮಸೀದಿ, ಮದರಸ, ಶಾದಿಮಹಲುಗಳ ಪೈಕಿ ಎಷ್ಟಕ್ಕೆ ಇಳಿಜಾರು ದಾರಿಯಿದೆ? ಲಕ್ಷಗಟ್ಟಲೆ ಖರ್ಚು ಮಾಡಿ ಹಾಸಿದ ಅಮೃತಶಿಲೆಯ ಮೆಟ್ಟಲುಗಳಲ್ಲಿ ಗಾಲಿಕುರ್ಚಿಯೊಂದು ಹತ್ತಲಾರದೆ ನಿಲ್ಲುವುದಾದರೆ, ಆ ಅಂದ ಯಾರಿಗಾಗಿ?

ಸಭೆಯ ಮುಂದೆ ನಾಲ್ಕು ಮಾತುಗಳನ್ನಿಟ್ಟು ನನ್ನ ಭಾಷಣವನ್ನು ಮುಗಿಸುತ್ತೇನೆ.

ಮೊದಲನೆಯದು, ಎಚ್ಚರ. ಯಾರಿಗಾದರೂ, ವಿಶೇಷವಾಗಿ ಮಕ್ಕಳಿಗೆ, ಕೆಲವೇ ಗಂಟೆ ಅಥವಾ ದಿನಗಳಲ್ಲಿ ಎರಡೂ ಕಾಲುಗಳು ಸೋತರೆ, ಮರಗಟ್ಟಿದರೆ, ಎದೆ ಅಥವಾ ಹೊಟ್ಟೆಯ ಸುತ್ತ ಪಟ್ಟಿ ಬಿಗಿದಂತಾದರೆ, ಮೂತ್ರ ಕಟ್ಟಿದರೆ, ‘ನಾಳೆ ನೋಡೋಣ’ ಎನ್ನಬೇಡಿ. ಎಣ್ಣೆ ತಿಕ್ಕುತ್ತಾ ಕೂರಬೇಡಿ. ನರರೋಗ ತಜ್ಞರಿರುವ, ಬೆನ್ನುಹುರಿಯ ಎಂಆರ್‌ಐ ಸೌಲಭ್ಯವಿರುವ ಆಸ್ಪತ್ರೆಗೆ ಅಂದೇ ಒಯ್ಯಿರಿ. ಉರಿಯೂತವನ್ನು ತಗ್ಗಿಸುವ ಸ್ಟೆರಾಯ್ಡ್ ಚುಚ್ಚುಮದ್ದು, ಅಗತ್ಯವಿದ್ದರೆ ಪ್ಲಾಸ್ಮಾ ಬದಲಾವಣೆ ಎಷ್ಟು ಬೇಗ ಆರಂಭವಾದರೆ ಅಷ್ಟು ಒಳ್ಳೆಯದು. ಹದಿನೈದರ ಕೆಳಗಿನ ಮಗುವಿನ ಕೈಕಾಲು ಹಠಾತ್ತನೆ ಸೋತು ಜೋತುಬಿದ್ದರೆ ಅದನ್ನು ಆರೋಗ್ಯ ಇಲಾಖೆಗೆ ವರದಿ ಮಾಡುವ ವ್ಯವಸ್ಥೆ ದೇಶದಲ್ಲಿದೆ. ಅದನ್ನು ಮುಚ್ಚಿಡಬೇಡಿ.

ಎರಡನೆಯದು, ಮಾತು. ಉತ್ತರಿಸದವರೊಂದಿಗೂ ಮಾತಾಡಿ. ಅವರ ಮುಂದೆ ಅವರ ಸಾವಿನ, ಖರ್ಚಿನ, ಹೊರೆಯ ಮಾತಾಡಬೇಡಿ. ಎಲ್ಲರೂ ವಿಕ್ಟೋರಿಯಾಳಂತೆ ಎದ್ದು ಬರುತ್ತಾರೆಂದು ನಾನು ಹೇಳಲಾರೆ. ಬಹಳಷ್ಟು ಮಂದಿ ಬರುವುದಿಲ್ಲ. ಎದ್ದು ಬರಲಿ, ಬಾರದಿರಲಿ, ಗೌರವವನ್ನು ಪಡೆಯಲು ಅವರು ಯಾವ ಪದಕವನ್ನೂ ಗೆಲ್ಲಬೇಕಾಗಿಲ್ಲ.

ಮೂರನೆಯದು, ನೀರು. ಅಂಗವಿಕಲ ಮಗುವಿಗೆ ಆಟ, ವ್ಯಾಯಾಮ, ಈಜು ವಿಲಾಸವಲ್ಲ. ವೈದ್ಯರನ್ನು ಕೇಳಿ, ಬಲ್ಲವರ ಜೊತೆಯಲ್ಲೇ ನೀರಿಗಿಳಿಸಿ. ಫಿಟ್ಸ್ ಬರುವ ಮಗುವನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ. ಮಲಗಿ ಮಲಗಿ ಆದ ಹುಣ್ಣು ವಾಸಿಯಾಗದೆ ಇಳಿಸಬೇಡಿ. ಆದರೆ ಭಯದ ಹೆಸರಲ್ಲಿ ಇಡೀ ಬದುಕನ್ನು ದಡದಲ್ಲೇ ಕೂರಿಸಬೇಡಿ.

ನಾಲ್ಕನೆಯದು, ಹಕ್ಕು. ಪ್ರಮಾಣಪತ್ರ ಮಾಡಿಸಿ, ಗುರುತು ಚೀಟಿ ಮಾಡಿಸಿ. ನಾಚಿಕೆ ಪಡಬೇಡಿ. ಓದು ಬಲ್ಲ ಯುವಕರು ವಾರಕ್ಕೊಂದು ದಿನ ಜಮಾಅತಿನ ಕಚೇರಿಯಲ್ಲಿ ಕುಳಿತು ಈ ಅರ್ಜಿಗಳನ್ನು ತುಂಬಿಸಿಕೊಡಲಿ. ಮುಂದಿನ ಬಾರಿ ಮಸೀದಿಗೆ ಬಣ್ಣ ಬಳಿಯುವ ಮುನ್ನ ಇಳಿಜಾರೊಂದನ್ನು ಕಟ್ಟಿಸೋಣ.

ಪದಕಗಳು ಲಂಡನ್ನಿನಲ್ಲಿ ಸಿಕ್ಕಿದವು ನಿಜ. ಆದರೆ ಆ ಹುಡುಗಿಯ ಮರಳುವಿಕೆ ಆರಂಭವಾದದ್ದು ಲಂಡನ್ನಿನಲ್ಲಿ ಅಲ್ಲ, ಉತ್ತರ ಬಾರದಿದ್ದರೂ ಮಾತು ನಿಲ್ಲಿಸದ ಒಂದು ಮನೆಯಲ್ಲಿ. ಅಂತಹ ಮನೆಯನ್ನು ಕಟ್ಟಲು ಈಜುಕೊಳ ಬೇಕಾಗಿಲ್ಲ, ಅನುದಾನ ಬೇಕಾಗಿಲ್ಲ, ಯಾವ ಕಚೇರಿಯ ಮೊಹರೂ ಬೇಕಾಗಿಲ್ಲ. ಈ ವಾರ ನೀವು ಯಾರನ್ನಾದರೂ ನೋಡಲು ಹೋದರೆ, ಬಾಗಿಲಲ್ಲಿ ನಿಂತವರಿಗೆ ಸಲಾಮ್ ಹೇಳುವ ಮುನ್ನ ಮಂಚದಲ್ಲಿ ಮಲಗಿದವರಿಗೆ ಸಲಾಮ್ ಹೇಳಿ. ಉತ್ತರ ಬಾರದಿರಬಹುದು. ಕೇಳಿಸಿತೆಂದೇ ಭಾವಿಸಿ ಮಾತು ಮುಂದುವರಿಸಿ.